ಅನಮೋಡದ ಹಸಿರು ಕಾರಿನ ರೆಕ್ಕೆ

ಹೋದ ರವಿವಾರ ಗೋವಾ ಗಡಿಯ ಅನಮೋಡದ ಹತ್ತಿರ ಒಂದು ಮನೆಯ ಅಂಗಳದಲ್ಲಿ ಮುರುಗಲ ಹಣ್ಣಿನ ಹುಳಿ ಸಿಪ್ಪೆ ಒಣಹಾಕಿದ್ದನ್ನು ನೋಡಿದೆ. ಕೈಯಲ್ಲಿದ್ದ ಚಹಾ ಚೆಲ್ಲಿತು.

ನಗಬೇಡಿ. ಸಿಪ್ಪೆ ನೋಡಿ ಗಾಬರಿಯಾಗಿದ್ದಲ್ಲ, ಸಿಪ್ಪೆ ಹರವಿದ್ದ ತಟ್ಟೆ ನೋಡಿ.

ಮೊದಲಿನಿಂದ ಹೇಳುತ್ತೇನೆ, ನಿಧಾನಕ್ಕೆ. ಈ ವಿಷಯದಲ್ಲಿ ಎಲ್ಲರೂ ಮಾಡಿದ್ದು ಬರೀ ಅವಸರ.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ದಾಂಡೇಲಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಪಣಜಿಯಿಂದ ಬೆಳಗಿನ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆ. ಡ್ರೈವರ್ ಹಿಂದಿನ ಸೀಟು. ಅನಮೋಡದ ಚೆಕ್‌ಪೋಸ್ಟ್ ದಾಟಿದ ಮೇಲೆ ಒಂದು ಹಸಿರು ಕಾರು ನಮ್ಮನ್ನು ಹಿಂದೆ ಹಾಕಿತು. ಗಿಡ್ಡ ಕಾರು, ಕಪ್ಪೆ ಕೂತ ಹಾಗೆ. ಇಂಜಿನ್ನಿನ ಸದ್ದಿನೊಳಗೆ ಒಂದು ಸಣ್ಣ ಶಿಳ್ಳೆ. ಬೆನ್ನಿನ ಮೇಲೆ ಮೊರದಷ್ಟು ಅಗಲದ ಕಪ್ಪು ರೆಕ್ಕೆ. ಇಷ್ಟು ನಾನು ನೋಡಿದ್ದು. ಇದಕ್ಕಿಂತ ಹೆಚ್ಚು ನೋಡಲಿಲ್ಲ.

ಮುಂದಿನ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಕಾರು ಎಮ್ಮೆಯನ್ನು ಉಳಿಸಿತು, ತಾನು ಉಳಿಯಲಿಲ್ಲ. ಗಿರ್ರನೆ ತಿರುಗಿ ಮರಕ್ಕೆ ಬಡಿದು, ಇಳಿಜಾರಿನ ತುದಿಗೆ ಹೋಗಿ ನಿಂತಿತು. ಬಸ್ಸಿನವರೆಲ್ಲ ಓಡಿ ಕಾರಿನ ಡ್ರೈವರನನ್ನು ಹೊರಗೆ ಎಳೆದು ಹಾಕಿದೆವು. ಹಿಂದೆಯೇ ಬೆಂಕಿ ಹತ್ತಿತು.

ಆ ಡ್ರೈವರ್ ಸಾಂತಾನ. ಹಳಿಯಾಳ ಕಡೆಯ ಸಿದ್ದಿ. ಗೋವಾದ ಒಬ್ಬ ಹೋಟೆಲ್ ಮಾಲೀಕನಲ್ಲಿ ಕೆಲಸಕ್ಕಿದ್ದ. ಮಾಲೀಕ ಬೆಳಗಾವಿಯಲ್ಲಿದ್ದ, ಕಾರನ್ನು ಅಲ್ಲಿಗೆ ತರಲು ಹೇಳಿದ್ದ. ಬಲಗಾಲು ಮುರಿದಿತ್ತು. ಅಷ್ಟು ನೋವಿನಲ್ಲೂ ಅವನು ಕೇಳಿದ ಮೊದಲ ಮಾತು, "ಎಮ್ಮಿ ಉಳೀತೇನ್ರಿ?"

ಎಮ್ಮೆ ಉಳಿದಿತ್ತು. ಅವನ ಹೆಸರು ಉಳಿಯಲಿಲ್ಲ.

ಕಾರು ಜರ್ಮನಿಯದು. ಕಾಗದಪತ್ರದಲ್ಲಿ ಅದು ಟರ್ಬೊ, ಅದರಲ್ಲೂ ಎರಡನೆಯ ಮಾಡೆಲ್. ದುಬಾರಿ ಮಾಲು. ಅದೇ ಕಂಪನಿಯ ಸಾದಾ ಕಾರು ಮುಂದಿನಿಂದ ನೋಡಿದರೆ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ. ಟರ್ಬೊದ ಗುರುತು ಆ ರೆಕ್ಕೆ, ಅದು ಇರುವುದು ಹಿಂದೆ (ಇಂಜಿನ್ ಇರುವುದೂ ಹಿಂದೆಯೇ). ಈಗ ಹಿಂಭಾಗ ಸುಟ್ಟು ಕರಕಲು, ಇಂಜಿನ್ ಕರಗಿ ಮುದ್ದೆ. ಚಾಸಿ ನಂಬರ್ ಒತ್ತಿದ್ದ ಜಾಗ ಜಜ್ಜಿಹೋಗಿತ್ತು. ರೆಕ್ಕೆ, ಅದು ಕೂತಿದ್ದ ಇಂಜಿನ್ ಮುಚ್ಚಳ, ಎರಡೂ ಇಲ್ಲ. ಬೂದಿಯಲ್ಲಿ ಅವುಗಳ ತುಣುಕೂ ಇಲ್ಲ.

ಇನ್ಶೂರೆನ್ಸಿನ ಸರ್ವೇಯರ್ ಬಂದವನು ಸುಟ್ಟ ಕಾರಿನ ಸುತ್ತ ಒಂದು ಸುತ್ತು ಹಾಕಿ ಕಥೆ ಕಟ್ಟಿಬಿಟ್ಟ. ಅಸಲಿ ಟರ್ಬೊವನ್ನು ಗೋವಾದಲ್ಲೇ ಮಾರಿದ್ದಾರೆ. ಸಾದಾ ಕಾರನ್ನು ಇಲ್ಲಿ ತಂದು ಸುಟ್ಟಿದ್ದಾರೆ. ಮಾರಿದವನು ಯಾರು? ಸ್ಟೀರಿಂಗ್ ಹಿಡಿದವನು!

ಠಾಣೆಗೆ ನನ್ನನ್ನು ಕರೆದರು. ಸಾಂತಾನ ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದ.

"ರೆಕ್ಕಿ ಇತ್ತರಿ ಸಾಹೇಬ್ರ," ಅಂದ. "ಈ ಮಾಸ್ತರ್ರು ನೋಡ್ಯಾರ. ಕೇಳ್ರಿ ಬೇಕಾದ್ರ."

"ಡ್ರಾಯಿಂಗ್ ಮಾಸ್ತರ ಅಲ್ರೀ ನೀವು?" ಸರ್ವೇಯರ್ ಕಾಗದ, ಪೆನ್ಸಿಲ್ ಮುಂದಿಟ್ಟ. "ಬಿಡಸ್ರಿ ಹಂಗಾರ."

ಅವನ ಹತ್ತಿರ ಕಾರಿನ ಫೋಟೋ ಇದ್ದ ಮ್ಯಾಗಜಿನ್ ಪುಟವೊಂದಿತ್ತು. ನಾನು ನೋಡಿ ಬಿಡಿಸದಂತೆ ಅದನ್ನು ಮಗುಚಿ ಇಟ್ಟ. (ಅದು ಸರಿಯಾದ ಕೆಲಸ. ಹೇಳಬೇಕಾದ್ದು ಹೇಳಬೇಕು.) ನಾನು ಕಾರಿನ ಬೆನ್ನು ಬಿಡಿಸಿದೆ. ರೆಕ್ಕೆಯ ಅಗಲ ಬಿಡಿಸಿದೆ. ಅಲ್ಲಿಗೆ ಪೆನ್ಸಿಲ್ ನಿಂತಿತು.

"ಅಂಚು?" ಅಂದ. "ಚಪ್ಪಟ ಇತ್ತೋ, ಮ್ಯಾಲೆ ಎದ್ದಿತ್ತೋ? ಮೊದಲನೇ ಮಾಡೆಲ್ಲಿಂದು ಚಪ್ಪಟ. ಎರಡನೇದರದು ಸುತ್ತ ಎದ್ದಿರತೈತಿ, ಚಹಾದ ಟ್ರೇ ಇದ್ದಂಗ."

"ಅದು ನನಗ ಕಾಣಲಿಲ್ರಿ."

"ಅಂದಾಜ ಹೇಳ್ರಿ."

"ಅಂದಾಜಿನ ಮ್ಯಾಲೆ ಹೆಂಗ ಹೇಳ್ಲಿ?"

ಅವನು ನಕ್ಕ. "ಅಂಚ ಗೊತ್ತಿಲ್ಲ ಅಂದ್ರ ನೀವು ರೆಕ್ಕಿನ ನೋಡಿಲ್ರಿ ಮಾಸ್ತರ. ಯಾವುದೋ ಸಾಮಾನ ಕಟ್ಟಿದ್ದು ನೋಡೀರಿ."

ನನ್ನ ಅರ್ಧ ಚಿತ್ರವನ್ನು ಮಡಚಿ ನನಗೇ ಕೊಟ್ಟ. ಆಗ ಸಾಂತಾನ ನನ್ನ ಮುಖ ನೋಡಿದ. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿದ್ದರೆ ನನಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಪುರಾವೆ ಇಲ್ಲದೆ ಕೇಸು ನಿಲ್ಲಲಿಲ್ಲ. ಆದರೆ ಕೇಸು ಬಿದ್ದರೆ ಮಾತು ಬೀಳುತ್ತದೆಯೇ? ಮಾಲೀಕ ಕೆಲಸದಿಂದ ತೆಗೆದ. ಹಳಿಯಾಳದಲ್ಲಿ, ದಾಂಡೇಲಿಯಲ್ಲಿ ಸಾಂತಾನ ಯಾರ ಬಾಗಿಲಿಗೆ ಹೋದರೂ ಒಂದೇ ಚೇಷ್ಟೆ. "ಬ್ಯಾಡೋ ಮಾರಾಯಾ, ನಮ್ಮ ಜೀಪ ಮಾರ್‍ಕೊಂಡು ಬೂದಿ ತಂದ್ಕೊಟ್ಟೀ ಮತ್ತ!" ಹೇಳಿದವರು ನಕ್ಕು ಮರೆತರು. ಅವನು ಗದ್ದೆಯ ಕೂಲಿಗೆ ಹೋದ.

ಈಗ ಹೋದ ರವಿವಾರಕ್ಕೆ ಬರೋಣ.

ಅನಮೋಡದಿಂದ ಒಳಗೆ ಹೋಗುವ ಮಣ್ಣುರಸ್ತೆಯಲ್ಲಿ ಶಾಂತಾಬಾಯಿ ಅಂತ ಒಬ್ಬ ಮುದುಕಿ. ಮನೆಮಾತು ಕೊಂಕಣಿ, ನಮ್ಮ ಜೊತೆ ಕನ್ನಡ. ಒಳ್ಳೆಯ ಮುರುಗಲ ಸಿಪ್ಪೆ ಸಿಗುತ್ತದೆಂದು ಯಾರೋ ಹೇಳಿದ್ದರು. ಹೋದೆ. ಚಹಾ ಕೊಟ್ಟಳು. ಅಂಗಳದಲ್ಲಿ ನಾಕು ಕಲ್ಲಿನ ಮೇಲೆ ಆ ತಟ್ಟೆ ಇತ್ತು.

"ಇದು ಎಲ್ಲಿ ಸಿಕ್ತು ಬಾಯಿ?"

"ನಮ್ಮನಿಯವರಿಗೆ ಸಿಕ್ಕಿದ್ದರಿ. ಅವರಿದ್ದಾಗ ಬಿದರ ಕಡಿಯಾಕ ಹೋಗಿದ್ರು. ರಸ್ತೆ ಕೆಳಗ, ಬಿದರ ಮೆಳ್ಯಾಗ ಸಿಕ್ಕೊಂಡಿತ್ತಂತ." ತಟ್ಟೆಯ ಗುಣ ಹೇಳಲು ಅವಳಿಗೆ ಖುಷಿಯೋ ಖುಷಿ. "ಭಾಳ ಚಲೋ ಐತಿ ನೋಡ್ರಿ. ಕಬ್ಬಣ ಅಲ್ಲ, ಹುಳಿಗೆ ತುಕ್ಕ ಹಿಡಿಯೂದಿಲ್ಲ. ನಡುವ ಜಾಳಿಗಿ ಐತಿ, ಕೆಳಗಿಂದ ಗಾಳಿ ಆಡತೈತಿ. ಸುತ್ತ ಅಂಚ ಎದ್ದೈತಿ, ಸಿಪ್ಪಿ ಒಂದೂ ಜಾರೂದಿಲ್ಲ."

ಸುತ್ತ ಅಂಚು ಎದ್ದೈತಿ.

ನಾನು ಬಗ್ಗಿ ಬೆರಳಾಡಿಸಿದೆ. ಅಂಚಿಗೆ ಕಪ್ಪು ರಬ್ಬರ್ ಪಟ್ಟಿ. ಒಂದು ಮೂಲೆ ಸೀಳಿದೆ, ಮರಕ್ಕೆ ಬಡಿದಾಗ ಕಿತ್ತು ಹಾರಿರಬೇಕು. ರೆಕ್ಕೆಗೆ ಮುಚ್ಚಳ ಇನ್ನೂ ಅಂಟಿಕೊಂಡೇ ಇದೆ. ಅದರ ಮಡಿಕೆಯಲ್ಲಿ, ಬಿಸಿಲು ತಾಗದ ಕಡೆ, ಅದೇ ಹಸಿರು ಬಣ್ಣ.

"ಆಗ ಯಾರಿಗೂ ಹೇಳಲಿಲ್ಲೇನು?"

"ಯಾರ ಕೇಳಿದ್ರರಿ?"

ಹೌದು, ಯಾರು ಕೇಳಿದ್ದರು? ಪೊಲೀಸರು, ಸರ್ವೇಯರ್, ಬಸ್ಸಿನವರು, ನಾನು, ಎಲ್ಲರೂ ಡಾಂಬರಿನ ಮೇಲೆ ನಿಂತು ವಾದ ಮಾಡಿದೆವು. ರಸ್ತೆ ಬಿಟ್ಟು ಕೆಳಗಿಳಿದವನು ಬಿದಿರು ಬೇಕಾದವನೊಬ್ಬನೇ.

ಅದನ್ನು ಕೊಡುತ್ತೀಯಾ ಎಂದೆ. ಶಾಂತಾಬಾಯಿ ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದಳು. "ಈಗ? ಸಿಪ್ಪಿ ಹಂಗಾಮಿನ್ಯಾಗ? ಮಳಿ ಹತ್ತಲಿ, ಆಮ್ಯಾಲೆ ಬಂದ ಒಯ್ರಿ."

ಅಲ್ಲೇ ಕೂತು ಚಿತ್ರ ಬಿಡಿಸಿಕೊಂಡೆ, ಈ ಸಲ ಅಂಚಿನ ಸಮೇತ. ಮರುದಿನ ಹಳಿಯಾಳದ ಆಚೆ ಸಾಂತಾನನ ಮನೆಗೆ ಹೋದೆ. ತಲೆ ಬೆಳ್ಳಗಾಗಿದೆ. ಸ್ವಲ್ಪ ಕುಂಟುತ್ತಾನೆ. ಶಾಂತಾಬಾಯಿಯ ತಟ್ಟೆಯ ಕಥೆ ಹೇಳಿ ಚಿತ್ರ ಕೊಟ್ಟೆ. ಕೈ ಒರೆಸಿಕೊಂಡು ಕಾಗದ ಹಿಡಿದ. ಅಂಚಿನ ಗೆರೆಯ ಮೇಲೆ ಬೆರಳಿಟ್ಟ.

"ಇದರಿ," ಅಂದ. "ಇದ ಇತ್ತು." ಆಮೇಲೆ, "ಆ ಮುದುಕಿ ಕಡಿಂದ ಕಸ್ಕೋಬ್ಯಾಡ್ರಿ ಮಾಸ್ತರ್ರ. ಒಣಗಿಸಿಕೊಳ್ಳಲಿ."

"ಗಾಡಿ ಹೊಡಿಯೂದ ಬಿಟ್ಟೇಬಿಟ್ಟಿ ಏನ್ ಸಾಂತಾನ?"

"ಲೈಸನ್ಸ್ ತೀರೇತ್ರಿ. ರಿನೀವಲ್ ಮಾಡಿಸಿ ಯಾರ ಮನಿ ಮುಂದ ನಿಂದರ್‍ಲಿ?"

ಹಾಗೆ ಹೇಳುವಾಗ ಅವನ ಎಡಗಾಲು ನೆಲದ ಮೇಲೆ ಮೆಲ್ಲಗೆ ಒತ್ತುತ್ತಿತ್ತು, ಬಿಡುತ್ತಿತ್ತು. ಅಲ್ಲಿ ಕ್ಲಚ್ ಇರಲಿಲ್ಲ.

ಹೋಟೆಲ್ ಮಾರಿ ಮಾಲೀಕ ಎಲ್ಲಿಗೋ ಹೋದನಂತೆ. ಸರ್ವೇಯರ್ ಎಲ್ಲಿದ್ದಾನೋ ಗೊತ್ತಿಲ್ಲ. ಠಾಣೆಯಲ್ಲಿ ವಿಚಾರಿಸಿದರೆ, "ಮುಗದ ಕೇಸ್ ಅಲ್ರೀ?" ಎಂದು ಕುರ್ಚಿ ತೋರಿಸಿದರು. ಕೂತೆ, ಎದ್ದು ಬಂದೆ.

ಆದರೆ ಅಂದು ಅವನನ್ನು ಬಾಗಿಲಲ್ಲೇ ನಿಲ್ಲಿಸಿ ನಕ್ಕವರಲ್ಲಿ ಕೆಲವರಾದರೂ ಈ ಅಂಕಣ ಓದುತ್ತೀರಿ, ನನಗೆ ಗೊತ್ತು. ನೀವೇ ಬರೆದುಕೊಳ್ಳಿ. ಅದು ಟರ್ಬೊ. ಎರಡನೆಯ ಮಾಡೆಲ್. ಅಂಚು ಎದ್ದಿತ್ತು.

ಈಗ ಹೇಳಿ, ನಿಮ್ಮ ಜೀಪಿನ ಚಾವಿ ಎಲ್ಲಿದೆ?