ಅವ್ವನ ಪಾಲಿಗೆ ಬಂದ ಪಾತಿ

ಪಾಲಿಬೆಟ್ಟದ ಕಡೆಯ ಕಾಫಿ ತೋಟಗಳಲ್ಲಿ ಆ ಕಾಲಕ್ಕೆ ಮಕ್ಕಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಒಬ್ಬ ಮೇಸ್ತ್ರಿ ಮಗ, ಇನ್ನೊಬ್ಬಳು ಡ್ರೈವರ್ ಮಗಳು, ನಾನು ರೈಟರ್ ಮಗಳು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ದೊಡ್ಡವರು ಮಾತಿಗೆ ಕೂತರೆ ‘ನಮ್ಮದೇ ರಾಜ್ಯ ಇದ್ದಾಗ’ ಎಂದು ಶುರು ಮಾಡುತ್ತಿದ್ದರು. ನಮಗೆ ಅದರ ಗೊಡವೆ ಇರಲಿಲ್ಲ. ಹಣ್ಣು ಸುಲಿಯುವ ಪಲ್ಪಿಂಗ್ ಮನೆಯಿಂದ ಬರುವ ಕಾಫಿ ಸಿಪ್ಪೆಯ ಹುಳಿ ವಾಸನೆ, ಕಿತ್ತಳೆ ಸಿಪ್ಪೆ ಹಿಂಡಿ ಒಬ್ಬರ ಕಣ್ಣಿಗೊಬ್ಬರು ಚಿಮ್ಮಿಸುವ ಆಟ, ಒಣಗುವ ಕಾಫಿಯ ಕಣದ ಅಂಚಿನಲ್ಲಿ ಕುಂಟಾಬಿಲ್ಲೆ, ಇಷ್ಟೇ ನಮ್ಮ ರಾಜ್ಯ.

ಅಪ್ಪ ಹಾಸನದ ಕಡೆಯವರು. ತೋಟದ ಲೆಕ್ಕ ಬರೆಯುವ ರೈಟರ್ ಕೆಲಸ ಸಿಕ್ಕಿದ್ದೇ ಅವ್ವನನ್ನೂ ನನ್ನನ್ನೂ ಕರೆದುಕೊಂಡು ಬಂದರು. ನನಗೆ ಆಗ ಒಂಬತ್ತು ತುಂಬಿತ್ತು. ಅವ್ವ ಬರುವಾಗ ಪಾತ್ರೆಪಗಡಿಗಿಂತ ಜೋಪಾನವಾಗಿ ತಂದದ್ದು ಒಂದು ಬಟ್ಟೆಯ ಗಂಟು. ಅದರೊಳಗೆ ಬದನೆ, ಮೆಣಸು, ದಂಟು, ಅವರೆ, ಹೀರೆ, ಒಂದೊಂದು ಬೀಜಕ್ಕೂ ಒಂದೊಂದು ಸಣ್ಣ ಗಂಟು. ಊರಲ್ಲಿ ಅವ್ವನ ಹಿತ್ತಲೆಂದರೆ ಹೆಸರುವಾಸಿ. ನಂಜಮ್ಮ ನೆಟ್ಟರೆ ಒಣಗಿದ ಕಡ್ಡಿಯೂ ಚಿಗುರುತ್ತದೆ ಎಂದು ಓಣಿಯವರು ಹೇಳುತ್ತಿದ್ದರು.

ಆದರೆ ಇಲ್ಲಿ ಮೊದಲನೇ ಮಳೆಗಾಲದಲ್ಲೇ ಆ ಹೆಸರು ನೀರುಪಾಲಾಯಿತು. ಕ್ವಾರ್ಟರ್ಸ್ ಹಿಂದೆ ಅವ್ವ ಊರಿನ ರೂಢಿಯಂತೆ ಮಟ್ಟಸವಾಗಿ ಪಾತಿ ಮಾಡಿ ಬೀಜ ಬಿತ್ತಿದಳು. ಸಸಿ ಬಂದವು. ಎರಡೆಲೆ ಬಿಡುವಷ್ಟರಲ್ಲಿ ನೆಲಕ್ಕೆ ತಾಗಿದ ಜಾಗದಲ್ಲಿ ಕಾಂಡ ಕಪ್ಪಾಗಿ, ದಾರದಂತೆ ಸಣಕಲಾಗಿ, ಒಂದೊಂದೇ ಅಡ್ಡ ಬಿದ್ದವು. ಮತ್ತೆ ಬಿತ್ತಿದಳು. ಅವೂ ಬಿದ್ದವು. ಒಂದು ಬೆಳಿಗ್ಗೆ ಅವ್ವ ಅಂಗೈಯಲ್ಲಿ ಕೊಳೆತ ಮೆಣಸಿನ ಸಸಿ ಹಿಡಿದುಕೊಂಡು ಅಡುಗೆ ಮನೆಯ ಹೊಸ್ತಿಲಲ್ಲಿ ಕೂತಿದ್ದಳು.

“ಈ ಮಣ್ಣು ನನ್ನ ಕೈಗೆ ಒಗ್ಗಲ್ಲ ಕಣ್ರೀ. ನನ್ನ ಊರಿಗೆ ಕಳಿಸಿಬಿಡಿ,” ಎಂದಳು ಅಪ್ಪನಿಗೆ. ಸೊಪ್ಪಿನ ಸಾರಿಲ್ಲದೆ ಮುದ್ದೆ ಇಳಿಯದ ಮನೆ ನಮ್ಮದು. ಅಪ್ಪ ಛತ್ರಿ ಬಿಡಿಸಿಕೊಂಡು ಆಫೀಸಿಗೆ ಹೊರಟುಬಿಟ್ಟರು.

ಅವ್ವನ ಕೈ ಹಿಡಿದು ಎಬ್ಬಿಸಿದವಳು ಚಿರುತಮ್ಮ. ಕೂಲಿಯವರ ಲೈನ್ ಮನೆಗಳಲ್ಲಿದ್ದ ವಯಸ್ಸಾದ ಮಲಯಾಳಿ ಹೆಂಗಸು. ಮೊಣಕಾಲು ಸೋತ ಮೇಲೆ ಗುಡ್ಡ ಹತ್ತಿ ಕಾಫಿ ಹಣ್ಣಿನ ಪಿಕ್ಕಿಂಗ್ ಮಾಡಲಾಗದೆ, ಕೆಲಸಕ್ಕೆ ಹೋಗುವವರ ಕೂಸುಗಳನ್ನು ನೋಡಿಕೊಂಡಿದ್ದಳು. ಒಂದು ಕೂಸನ್ನು ಸೊಂಟದಲ್ಲಿಟ್ಟುಕೊಂಡು ನಮ್ಮ ಹಿತ್ತಲಿಗೆ ಬಂದವಳೇ ಪಾತಿಗೆ ಬೆರಳು ಚುಚ್ಚಿದಳು.

“ವೆಳ್ಳಂ ಜಾಸ್ತಿ ಅಮ್ಮಾ. ನೀರು ಹೋಗಲಿಕ್ಕೆ ದಾರಿ ಬೇಕಲ್ಲ? ನಿಮ್ಮ ಊರಲ್ಲಿ ನೀರು ನಿಲ್ಲಿಸೋದು. ಇಲ್ಲಿ ನೀರು ಓಡಿಸೋದು.”

ಅಷ್ಟೇ ಮಾತು. ಅವ್ವನಿಗೆ ಅದು ಸಾಕಾಯಿತು. ಮಾರನೇ ದಿನವೇ ಹಳೆಯ ಪಾತಿ ಒಡೆದು ಒಂದು ಮೊಳ ಎತ್ತರಕ್ಕೆ ಮಣ್ಣು ಏರಿಸಿದಳು. ಕೆಳಗೆ ಹರಿಯುವ ತೋಡಿನಿಂದ ನಾನು ಬುಟ್ಟಿಯಲ್ಲಿ ಮರಳು ಹೊತ್ತೆ. ಕಾಡಿನ ಎಲೆಗೊಬ್ಬರ, ಪುಡಿಯಾದ ಹಳೆಯ ಸಗಣಿ, ಮರಳು ಮೂರನ್ನೂ ಬೆರೆಸಿದಳು. ಹಸಿ ಗೊಬ್ಬರವನ್ನು ಹತ್ತಿರಕ್ಕೂ ಬಿಡಲಿಲ್ಲ. ಬೀಜವನ್ನು ಒತ್ತೊತ್ತಾಗಿ ಎರಚದೆ ಬೆರಳಗಲ ಬಿಟ್ಟು ಊರಿದಳು. ಮಳೆ ಬಿಟ್ಟ ಮೇಲೆ ನೀರು ಬೆಳಿಗ್ಗೆ ಮಾತ್ರ, ಅದೂ ತಳಕ್ಕೆ ತೂತು ಕೊರೆದ ತೆಂಗಿನ ಚಿಪ್ಪಿನಲ್ಲಿ. “ಸಂಜೆ ಹಾಕಿದರೆ ರಾತ್ರಿಯೆಲ್ಲ ಸಸಿ ಒದ್ದೆ ಬಟ್ಟೇಲಿ ಮಲಗಿದಂಗೆ ಕಣೇ,” ಎನ್ನುತ್ತಿದ್ದಳು. ಬೆರಳನ್ನು ಎರಡನೇ ಗೆಣ್ಣಿನ ತನಕ ಮಣ್ಣಿಗೆ ಇಳಿಸಿ ನೋಡಬೇಕು. ತಂಪು ಹತ್ತಿದರೆ ಆ ದಿನ ನೀರಿಲ್ಲ. ನನ್ನ ಬೆರಳು ಚಿಕ್ಕದೆಂದು ನನಗೆ ಇಡೀ ಬೆರಳು ಇಳಿಸಲು ಅಪ್ಪಣೆಯಾಗಿತ್ತು.

ಮುಂದಿನ ಮಾಘದ ಹೊತ್ತಿಗೆ ನಮ್ಮ ಹಿತ್ತಲು ನೋಡಬೇಕಿತ್ತು. ಬಿದಿರಿನ ಚಪ್ಪರದಿಂದ ಹೀರೆ ಇಳಿಬಿದ್ದಿತ್ತು. ಬದನೆಯ ಬುಡಕ್ಕೆ ಒಣ ಎಲೆ ಹೊದಿಸಿ, ತುದಿ ಚಿವುಟಿ, ಗಿಡ ಅಗಲಕ್ಕೆ ಹರಡುವಂತೆ ಮಾಡಿದ್ದಳು. ಎಲೆಗೆ ಹೇನು ಕಂಡರೆ ಬೆಳಿಗ್ಗೆ ಮಂಜು ಆರುವ ಮುನ್ನ ಒಲೆಯ ಬೂದಿಯನ್ನು ತೆಳುವಾಗಿ ಉದುರಿಸುತ್ತಿದ್ದಳು. ದಂಟಿನ ಸೊಪ್ಪಿನ ಸಾರು ಕುದಿಯುವ ವಾಸನೆಗೆ ಡ್ರೈವರ್ ಮಗಳು ಬೇಕೆಂತಲೇ ನಮ್ಮ ಮನೆಗೆ ಲೆಕ್ಕ ಮಾಡಲು ಬರುತ್ತಿದ್ದಳು. ಚಿರುತಮ್ಮನಿಗೆ ಮೊದಲ ಕೊಯ್ಲು ಹೋಗುತ್ತಿತ್ತು. ಅವಳು ಬದಲಿಗೆ ಬೇಯಿಸಿದ ಮರಗೆಣಸು ಕಳಿಸುತ್ತಿದ್ದಳು, ಜೊತೆಗೆ ಗಾಂಧಾರಿ ಮೆಣಸಿನ ಚಟ್ನಿ.

ಆಗ ಬಂತು ಮ್ಯಾನೇಜರ್ ದೊರೆಯ ಆರ್ಡರ್.

ಆ ವರ್ಷ ತೋಟದ ಕಾಫಿ ನರ್ಸರಿಯಲ್ಲಿ ಸಸಿ ಸಾಯತೊಡಗಿದ್ದವು. ಬೀಜ ಮೊಳೆತು, ಹೊಟ್ಟನ್ನು ತಲೆಯ ಮೇಲೆ ಹೊತ್ತುಕೊಂಡು ಮೇಲೆದ್ದ ಸಸಿಗಳವು. ಟೋಪಿ ಹಾಕಿದಂತೆ ಕಾಣುವುದರಿಂದ ನಾವು ಮಕ್ಕಳು ಅವನ್ನು ಪೊಲೀಸರು ಎನ್ನುತ್ತಿದ್ದೆವು. ಪಾತಿ ಪಾತಿಯೇ ಬಿದ್ದುಹೋಗುತ್ತಿದ್ದವು. ಆ ಜಾಗದ ಮಣ್ಣೇ ಕೆಟ್ಟಿದೆ ಎಂದು ನರ್ಸರಿ ಮೇಸ್ತ್ರಿ ವರದಿ ಒಪ್ಪಿಸಿದ. ಹೊಸ ಮಣ್ಣಲ್ಲಿ ಮತ್ತೆ ಬೀಜ ಹಾಕಬೇಕು, ನೀರಿಗೂ ಹತ್ತಿರವಿರಬೇಕು. ಹಾಗಿದ್ದ ಜಾಗ ಒಂದೇ, ರೈಟರ್ ಕ್ವಾರ್ಟರ್ಸಿನ ಹಿತ್ತಲು. ಎರಡು ದಿನದಲ್ಲಿ ತೆರವು ಮಾಡಬೇಕು.

ಅಪ್ಪ ಊಟಕ್ಕೆ ಬಂದವರು ತಟ್ಟೆ ನೋಡುತ್ತಾ ಹೇಳಿದರು. ಅವ್ವ ಬಡಿಸುವ ಕೈ ನಿಲ್ಲಿಸಲಿಲ್ಲ.

“ಸಸಿ ಹೆಂಗೆ ಸಾಯ್ತಾವಂತೆ?”

“ಬುಡ ಕಪ್ಪಾಗಿ ಬೀಳ್ತಾವೆ.”

“ದಾರದಂಗೆ ಸಣ್ಣಗಾಗಿ?”

“ಹೂಂ.”

ಅವ್ವ ಸೌಟು ಕೆಳಗಿಟ್ಟಳು. “ಅದು ಮಣ್ಣಿನ ತಪ್ಪಲ್ಲ ಕಣ್ರೀ. ನನ್ನ ಹಿತ್ತಲಲ್ಲಿ ಹಾಕಿದರೂ ಸಾಯ್ತವೆ. ದೊರೆ ಹತ್ರ ಹೇಳಿ.”

“ನಾನು ಹೋಗಿ ದೊರೆಗೆ ಕಾಫಿ ಪಾಠ ಹೇಳಲಾ? ಇರೋ ಕೆಲಸವೂ ಹೋಗಲಿ ಅಂತಲಾ?” ಎಂದು ಅಪ್ಪ ಅರ್ಧಕ್ಕೇ ಕೈ ತೊಳೆದರು.

ಮರುದಿನ ಬೆಳಿಗ್ಗೆ ಅವ್ವ ಮದುವೆಮನೆಗೆ ಹೊರಟವಳಂತೆ ಒಳ್ಳೆಯ ಸೀರೆ ಉಟ್ಟು, ನನ್ನ ಕೈ ಹಿಡಿದು ನರ್ಸರಿಗೆ ಹೊರಟಳು. ದೊರೆ ದಿನಾ ಎಂಟಕ್ಕೆ ಅಲ್ಲಿಗೆ ಬರುತ್ತಾರೆಂದು ಎಲ್ಲರಿಗೂ ಗೊತ್ತು. ಅವರು ಮಿಲಿಟರಿಯಲ್ಲಿದ್ದು ಬಂದ ಕೊಡವರು. ನೆಟ್ಟಗಿನ ಬೆನ್ನು, ಪಾಲಿಶ್ ಮಾಡಿದ ಬೂಟು. ಅವರು ದಾರಿಯಲ್ಲಿ ಬಂದರೆ ನಾವು ಮಕ್ಕಳು ಕಾಫಿ ಗಿಡದ ಹಿಂದೆ ಅವಿತುಕೊಳ್ಳುತ್ತಿದ್ದೆವು. ಅವ್ವ ಮಾತ್ರ ಅವರ ಎದುರಿಗೇ ಹೋಗಿ ನಿಂತಳು. ನನ್ನ ಕೈಯಲ್ಲಿ ಅವಳ ಕೈ ಬೆವರುತ್ತಿದ್ದುದು ನನಗೊಬ್ಬಳಿಗೇ ಗೊತ್ತಿತ್ತು.

“ಯಾರಿದು?”

“ರೈಟರ್ ಹೆಂಡತಿ, ಸ್ವಾಮಿ. ಹಿತ್ತಲು ನಿಮ್ಮದು, ತಗೊಳ್ಳಿ. ಆದ್ರೆ ಈ ಪಾತಿ ಮಾಡಿದಂಗೇ ಅಲ್ಲೂ ಮಾಡಿದ್ರೆ ಅಲ್ಲೂ ಸಸಿ ಸಾಯ್ತಾವೆ.”

ಮೇಸ್ತ್ರಿ ನಕ್ಕ. ದೊರೆ ನಗಲಿಲ್ಲ. “ನಿಮಗೆ ಕಾಫಿ ಗೊತ್ತುಂಟಾ?”

“ಕಾಫಿ ಗೊತ್ತಿಲ್ಲ, ಸ್ವಾಮಿ. ಸಸಿ ಗೊತ್ತು.” ಅವ್ವ ಬಗ್ಗಿ ಪಾತಿಗೆ ಬೆರಳು ಇಳಿಸಿ ತೆಗೆದು ತೋರಿಸಿದಳು. ಬೆರಳಿಗೆ ಕೆಸರು ಮೆತ್ತಿತ್ತು. “ಇನ್ನೂ ಆರಿಲ್ಲ. ಇದರ ಮೇಲೆ ಮತ್ತೆ ನೀರು ಹಾಕ್ತಾರೆ. ಮೇಲೆ ನೋಡಿ, ಬಿಸಿಲು ಕೂದಲೆಳೆಯಷ್ಟೂ ಬರಲ್ಲ. ಸಸಿಗೆ ಉಸಿರು ಎಲ್ಲಿಂದ ಬರಬೇಕು?”

ದೊರೆ ತಲೆಯೆತ್ತಿ ಚಪ್ಪರ ನೋಡಿದರು. ಸೊಪ್ಪಿನ ಮೇಲೆ ಸೊಪ್ಪು ಹೊದಿಸಿ ಒಳಗೆಲ್ಲ ಕತ್ತಲು ಕವಿದಿತ್ತು. ಬೂಟಿನ ತುದಿಯಿಂದ ಒಮ್ಮೆ ನೆಲ ಒತ್ತಿದರು. ನೀರು ಜಿನುಗಿತು.

“ಕೊನೆಯ ಪಾತಿ ನಿಮಗೆ. ಮೂರು ವಾರ. ಯಾರೂ ಅದನ್ನು ಮುಟ್ಟುವುದಿಲ್ಲ,” ಎಂದರು. ಹಿತ್ತಲ ಆರ್ಡರ್ ಅಲ್ಲಿಯ ತನಕ ನಿಂತಿತು.

ಆ ಮೂರು ವಾರ ನನಗೆ ಆಟ ಪಾಠ ಎರಡೂ ಬೇಡವಾಯಿತು. ಅವ್ವನೂ ನಾನೂ ದಿನ ಬೆಳಗಾದರೆ ನರ್ಸರಿಯಲ್ಲಿ. ಮೊದಲನೇ ದಿನ ಚಿರುತಮ್ಮನೂ ಕುಂಟುತ್ತಾ ಬಂದಳು. ಸತ್ತ ಸಸಿಗಳನ್ನು ಬರೀ ಕೀಳಲಿಲ್ಲ, ಸುತ್ತಲಿನ ಹಿಡಿ ಮಣ್ಣಿನ ಸಮೇತ ಎತ್ತಿ ದೂರ ಒಯ್ದು ಸುಟ್ಟೆವು. ಆ ಗುಂಡಿಗೆ ಒಲೆಯಲ್ಲಿ ಹುರಿದ ಮರಳು ತುಂಬಿದೆವು. ಪಾತಿಯ ಎರಡೂ ಕಡೆ ಆಳವಾಗಿ ಕಾಲುವೆ ತೋಡಿದೆವು. ಚಪ್ಪರದ ಸೊಪ್ಪನ್ನು ಅವ್ವ ಒಮ್ಮೆಗೇ ತೆಗೆಯಲಿಲ್ಲ. “ಕತ್ತಲೆಯಿಂದ ಬಂದವರ ಕಣ್ಣಿಗೆ ದೀಪ ಹಿಡಿಯಬಾರದು,” ಎಂದು ದಿನಕ್ಕಿಷ್ಟು, ಮೂಡಣ ದಿಕ್ಕಿನಿಂದ ತೆಗೆಯುತ್ತಾ ಬಂದಳು. ಎಳೆ ಬಿಸಿಲು ಒಳಗೆ ಬಂತು. ನಾಲ್ಕು ದಿನ ನೀರೇ ಇಲ್ಲ. ಪಕ್ಕದ ಪಾತಿಗಳಿಗೆ ನೀರು ಹಾಕುವ ಹೆಂಗಸರು ‘ಪಾಪ, ಒಣಗಿಸಿ ಸಾಯಿಸ್ತಾಳೆ’ ಎಂದು ಮಾತಾಡಿಕೊಂಡರು.

ಎರಡನೇ ವಾರ ಒಂದು ಬೆಳಿಗ್ಗೆ ಹೋಗಿ ನೋಡಿದರೆ ನಮ್ಮ ಪಾತಿ ತೊಯ್ದು ತೊಪ್ಪೆಯಾಗಿತ್ತು. ಹಿಂದಿನ ಸಂಜೆ ಯಾರೋ ಕ್ಯಾನುಗಟ್ಟಲೆ ನೀರು ಸುರಿದಿದ್ದರು. ಬೇಕೆಂತಲೋ, ಅಭ್ಯಾಸಬಲದಿಂದಲೋ, ಇವತ್ತಿಗೂ ನನಗೆ ಗೊತ್ತಿಲ್ಲ. ನನಗೆ ಅಳು ಬಂತು. “ದೊರೆಗೆ ಹೇಳೋಣ ಅವ್ವಾ, ಮೇಸ್ತ್ರೀನೇ ಮಾಡಿಸಿರೋದು,” ಎಂದೆ.

“ಹೇಳೋಕೆ ಆಮೇಲೆ ಹೊತ್ತಿದೆ. ಸಸಿಗೆ ಹೊತ್ತಿಲ್ಲ. ಹೋಗು, ಮರಳು ತಾ.”

ಸೀರೆ ಎತ್ತಿ ಕಟ್ಟಿ, ಮಂಡಿಯೂರಿ, ಸಾಲುಗಳ ನಡುವೆ ಒದ್ದೆ ಮೇಲ್ಮಣ್ಣನ್ನು ಚಮಚದಲ್ಲಿ ಕೆರೆದು ತೆಗೆದಳು. ಬೇರು ಅಲುಗದ ಹಾಗೆ, ಒಂದೊಂದು ಸಸಿಗೂ. ನಾನು ಹಿಂದೆಯೇ ಒಣ ಮರಳು, ಬೂದಿ ಉದುರಿಸುತ್ತಾ ಹೋದೆ. ಮಧ್ಯಾಹ್ನದ ಗಂಟೆ ಹೊಡೆದರೂ ಅವ್ವ ತಲೆಯೆತ್ತಲಿಲ್ಲ. ಆಗ ಚಪ್ಪರದ ಆಚೆ ನೆರಳೊಂದು ಬಿತ್ತು. ತಿರುಗಿದರೆ ಅಪ್ಪ. ಬೈಯುತ್ತಾರೆಂದು ನಾನು ಅವ್ವನ ಹಿಂದಕ್ಕೆ ಸರಿದೆ. ಅಪ್ಪ ಕೋಟು ಬಿಚ್ಚಿ ಕಂಬಕ್ಕೆ ನೇತುಹಾಕಿ, ಪಂಚೆ ಎತ್ತಿ ಕಟ್ಟಿ, “ಆ ಕಡೆ ಸಾಲು ನಾನು ಹಿಡೀತೀನಿ. ಹೆಂಗೆ ಕೆರೀಬೇಕು ತೋರ್ಸು,” ಎಂದರು. ಇಡೀ ನರ್ಸರಿ ನೋಡುತ್ತಿತ್ತು. ರೈಟರು ಹೆಂಡತಿ ಹೇಳಿದ ಹಾಗೆ ಕೇಳಿಕೊಂಡು ಮಣ್ಣು ಕೆರೆದರು.

ಮೂರು ವಾರ ತುಂಬಿದ ದಿನ ದೊರೆ ಬಂದರು. ಉಳಿದ ಪಾತಿಗಳಲ್ಲಿ ಅಲ್ಲೊಂದು ಇಲ್ಲೊಂದು ಸಸಿ. ನಮ್ಮ ಪಾತಿಯಲ್ಲಿ ಉಳಿದಿದ್ದ ಅಷ್ಟೂ ಸಸಿ ಟೋಪಿ ಕಳಚಿ, ಎರಡು ದುಂಡನೆಯ ಹಸಿರೆಲೆ ಬಿಚ್ಚಿ ಸಾಲಾಗಿ ನಿಂತಿದ್ದವು. ದೊರೆ ಉದ್ದಕ್ಕೂ ನಡೆದು ನೋಡಿದರು. ಒಂದು ಸಸಿಯನ್ನು ಮೆಲ್ಲಗೆ ಎಬ್ಬಿಸಿ ಬೇರು ನೋಡಿದರು. ಬೆಳ್ಳನೆಯ ನೇರ ಬೇರು. ಆಮೇಲೆ ಅಷ್ಟು ದೊಡ್ಡ ಮನುಷ್ಯ ಬಗ್ಗಿ ಪಾತಿಗೆ ಬೆರಳು ಚುಚ್ಚಿ ನೋಡಿದರು.

“ಇದನ್ನು ಎಲ್ಲಿ ಕಲಿತದ್ದು?”

ಅವ್ವ ಹಿಂದೆ ತಿರುಗಿ, ಕೂಸನ್ನೆತ್ತಿಕೊಂಡು ದೂರ ನಿಂತಿದ್ದ ಚಿರುತಮ್ಮನನ್ನು ಕೈ ಹಿಡಿದು ಮುಂದಕ್ಕೆ ಕರೆತಂದಳು. “ಇವರು ಹೇಳಿಕೊಟ್ಟಿದ್ದು, ಸ್ವಾಮಿ. ನಿಮ್ಮ ತೋಟದಲ್ಲೇ ಇದ್ರು. ಯಾರೂ ಕೇಳಿರಲಿಲ್ಲ.”

ದೊರೆ ಬೆರಳಿನ ಮಣ್ಣು ಒರೆಸಿಕೊಂಡರು. ಬಳಿಕ ಮೇಸ್ತ್ರಿಯ ಕಡೆ ತಿರುಗಿ, “ನಾಳೆಯಿಂದ ನರ್ಸರಿಯಲ್ಲಿ ಈ ಇಬ್ಬರು ಹೇಳಿದ ಹಾಗೆ. ರೈಟರ್ ಹಿತ್ತಲಿಗೆ ಯಾರೂ ಗುದ್ದಲಿ ಹಾಕಬೇಕಿಲ್ಲ,” ಎಂದು ಹೊರಟುಹೋದರು. ಚಿರುತಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಅವಳ ಸೊಂಟದ ಕೂಸಂತೂ ಜೋರಾಗಿ ಅತ್ತಿತು.

ಅಂದಿನಿಂದ ತೋಟದಲ್ಲಿ ಅವ್ವನನ್ನು ರೈಟರ್ ಹೆಂಡತಿ ಎಂದವರಿಲ್ಲ. ನರ್ಸರಿ ನಂಜಮ್ಮ ಎಂದೇ ಹೆಸರಾಯಿತು. ನನ್ನನ್ನೂ ಯಾರೋ ‘ನಂಜಮ್ಮನ ಮಗಳು’ ಎಂದು ಕರೆದ ದಿನ ನಾನು ಮನೆಯ ತನಕ ಓಡಿಕೊಂಡೇ ಹೋದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಅವ್ವನ ಹತ್ತಿರ ಪಕ್ಕದ ತೋಟದವರೂ ಸಸಿ ತೋರಿಸಲು ಬರುತ್ತಿದ್ದರು. ಅವ್ವ ಅವರನ್ನು ಹಿತ್ತಲಲ್ಲೇ ನಿಲ್ಲಿಸಿ, ಮೊದಲು ಚಿರುತಮ್ಮನಿಗೆ ಹೇಳಿಕಳಿಸುತ್ತಿದ್ದಳು.

ಈಗ ಮೈಸೂರಿನಲ್ಲಿ ನನ್ನ ಮನೆಯ ತಾರಸಿಯ ಮೇಲೆ ಇಪ್ಪತ್ತೆಂಟು ಕುಂಡಗಳಿವೆ. ಹೋದ ವರ್ಷ ಬದನೆಯ ಗಿಡ ಬಾಡಿತೆಂದು ಅಂಗಡಿಗೆ ಹೋದರೆ, ಗಿಡ ಯಾವುದು, ನೀರು ಎಷ್ಟು ಎಂದು ಒಂದು ಮಾತೂ ಕೇಳದೆ ಮೂರು ಬಾಟಲಿ ಔಷಧಿ ಮುಂದಿಟ್ಟರು. ಬೀಜವೂ ಹೈಬ್ರಿಡ್, ಪ್ಯಾಕೆಟ್ಟಿನಲ್ಲೇ ಸಿಗುತ್ತದೆ, ಬೆಳೆದ ಗಿಡದಿಂದ ಬೀಜ ಎತ್ತಿಟ್ಟರೆ ಮುಂದಿನ ವರ್ಷ ಅದೇ ಕಾಯಿ ಬರುವುದಿಲ್ಲ. ಗಿಡದ ಮುಂದೆ ಕೂತು, ಇದಕ್ಕೆ ಏನು ಬೇಕು, ಏನು ಬೇಡ ಎಂದು ಯೋಚಿಸುವಷ್ಟು ವ್ಯವಧಾನ ಇರುವವರು ನನಗೆ ಕಾಣುತ್ತಿಲ್ಲ. ಪಾಠ ಹೇಳುವವರು ಬೇಕಾದಷ್ಟಿದ್ದಾರೆ, ಕೈ ಹಿಡಿದು ಮಣ್ಣಿಗೆ ಇಳಿಸುವವರಿಲ್ಲ.

ನಾನು ಬಾಟಲಿ ಕೊಳ್ಳದೆ ವಾಪಸು ಬಂದೆ. ಕುಂಡದ ತಳದಲ್ಲಿ ಮುಚ್ಚಿಹೋಗಿದ್ದ ತೂತನ್ನು ಬಿಡಿಸಿ, ಐದು ದಿನ ನೀರು ಹಾಕಲಿಲ್ಲ. ಆರನೇ ದಿನ ಬೆಳಿಗ್ಗೆ ಎಲೆಗಳು ಎದ್ದು ನಿಂತಿದ್ದವು. ಎಷ್ಟು ಖುಷಿಯಾಯಿತೆಂದರೆ ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ಮನೆಯವರನ್ನು ಕರೆದು ತೋರಿಸಿದೆ. “ಚೆನ್ನಾಗಿದೆ,” ಎಂದು ಒಳಗೆ ಹೋದರು. ಅದರಲ್ಲಿ ಅಷ್ಟು ಹೆಮ್ಮೆಪಡುವಂಥದ್ದು ಏನಿದೆ ಎಂದು ಕೇಳದೆಯೇ ತಿಳಿಯಬಲ್ಲವರು ನನ್ನ ಪಾಲಿಗೆ ಅವ್ವ, ಚಿರುತಮ್ಮ ಇಬ್ಬರೇ ಇದ್ದರು. ಇಬ್ಬರೂ ಇಲ್ಲ. ನಾನೊಬ್ಬಳೇ ಆ ಗಿಡದ ಮುಂದೆ ಬಿಸಿಲೇರುವ ತನಕ ನಿಂತಿದ್ದೆ.