ಎಡಗಡೆ ಕೂತಿದ್ದವರು

ನಂಬಿ ಅಂತ ನಾನು ಯಾರನ್ನೂ ಕೇಳಿಕೊಳ್ಳುವುದಿಲ್ಲ. ನಾಗಮಂಗಲದ ಆಚೆ ಒಂದು ಶಾಲೆಯ ಮೈದಾನದಲ್ಲಿ ಆವತ್ತು ಊರಿಗೆ ಊರೇ ಕೂತಿತ್ತು. ಅವರೆಲ್ಲ ಈಗಲೂ ಇದ್ದಾರೆ, ಬೇಕಾದವರು ಹೋಗಿ ಕೇಳಬಹುದು. ಇಲ್ಲದ್ದನ್ನು ಕಟ್ಟಿ ಹೇಳುವಷ್ಟು ಶಕ್ತಿ ಆಗ ನನ್ನಲ್ಲಿರಲಿಲ್ಲ. ನಿಜ ಹೇಳಬೇಕೆಂದರೆ, ಆಗ ನನ್ನೊಳಗೆ ಏನೂ ಇರಲಿಲ್ಲ...

ನಾನು ಸವಿತ. ಪಾಂಡವಪುರದಲ್ಲಿ ಬಟ್ಟೆ ಹೊಲಿಯುತ್ತೇನೆ. ನಮ್ಮ ಯಜಮಾನರು ಕೆಂಪರಾಜು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಇಬ್ಬರಿಗೂ ನಾಟಕದ ಹುಚ್ಚು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಚನ್ನಪ್ಪನವರು ಕಟ್ಟಿದ ಸಣ್ಣ ತಂಡ ನಮ್ಮದು. ನಮ್ಮ ಕಡೆ ನಾಟಕ ಅಂದರೆ ಕಿರೀಟ, ಗದೆ, ಹಾರ್ಮೋನಿಯಂ. ಮೇಷ್ಟ್ರಿಗೆ ಅದು ಬೇಡ. ಕೆರೆ ಏರಿ ಮೇಲೆ ಮದುವೆ ಫೋಟೊ ತೆಗೆಸಿಕೊಳ್ಳುವವರು, ಸೈಟು ಮಾರುವವರು, ರೀಲ್ಸ್ ಮಾಡುವ ಅತ್ತೆಯರು, ಇಂಥವರನ್ನು ಆಡಿಕೊಂಡು ನಗಿಸುವ ನಾಟಕಗಳನ್ನೇ ಅವರು ಬರೆಯುತ್ತಿದ್ದರು.

ಅದರಲ್ಲಿ ಜನ ಕೇಳಿ ಕೇಳಿ ಆಡಿಸುತ್ತಿದ್ದದ್ದು 'ಅಡ್ಮಿನ್ ಮಾವ'. ಮನೆಯವರಿಗೆಲ್ಲ ವಾಟ್ಸಾಪ್ ಗ್ರೂಪ್ ಮಾಡಿ, ಪಕ್ಕದಲ್ಲೇ ಕೂತವರಿಗೂ ಗುಡ್ ಮಾರ್ನಿಂಗ್ ಕಳಿಸುವ ಮಾವನ ಕಥೆ. ಮಾವ ನಮ್ಮ ಯಜಮಾನರು, ಸೊಸೆ ನಾನು. ಗಂಡನನ್ನೇ ಮಾವ ಅಂತ ಕರೆಯುತ್ತಾಳೆ ನೋಡು ಅಂತ ಪಾಂಡವಪುರದ ಹೆಂಗಸರು ನನ್ನನ್ನು ರೇಗಿಸುತ್ತಿದ್ದರು.

ಊಟದ ದೃಶ್ಯ ಒಂದಿದೆ. "ಮಾವ, ಊಟಕ್ಕೆ ಬನ್ನಿ" ಅಂತ ನಾನು ಕರೆಯಬೇಕು. ಮಾವ ತಲೆ ಎತ್ತುವುದಿಲ್ಲ. ಮತ್ತೆ ಕರೆಯಬೇಕು. ಮೇಷ್ಟ್ರು ಬರೆದದ್ದು ಇಷ್ಟೇ. ಆದರೆ ಇವರು, ನಮ್ಮ ಯಜಮಾನರು, ನಡುವೆ ತಮ್ಮದೊಂದು ಮಾತು ಸೇರಿಸುತ್ತಿದ್ದರು. ಪ್ರತಿ ಸಲ ಹೊಸದು, ನನಗೂ ಮುಂಚೆ ಹೇಳುತ್ತಿರಲಿಲ್ಲ. ಜನ ಬಿದ್ದು ಬಿದ್ದು ನಗುತ್ತಿದ್ದರು. ನಾನು ನಗು ತಡೆದುಕೊಂಡು, "ಅದನ್ನೂ ಗ್ರೂಪಿಗೇ ಹಾಕ್ಬುಡಿ ಮಾವ" ಅನ್ನುತ್ತಿದ್ದೆ. ಅವರ ಯಾವ ಮಾತಿಗೂ ಆ ಉತ್ತರ ಹೊಂದುತ್ತಿತ್ತು.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ, ಡ್ಯೂಟಿಗೆ ಹೊರಟವರು ಶೂ ಹಾಕಿಕೊಳ್ಳಲು ಬಾಗಿದರು. ಮತ್ತೆ ಏಳಲಿಲ್ಲ.

ನಾನು ಅಳಲಿಲ್ಲ. ಅಳು ಬರಲಿಲ್ಲ. ತಿಥಿಯ ದಿನ ಬಂದವರಿಗೆಲ್ಲ ನಾನೇ ನೀರು ಬಡಿಸಿದೆ. ಮಷೀನಿನ ಸೂಜಿ ಬೆರಳಿಗೆ ಹೊಕ್ಕರೂ ಬಟ್ಟೆಯ ಮೇಲೆ ರಕ್ತ ಕಂಡ ಮೇಲೇ ಗೊತ್ತಾಗುತ್ತಿತ್ತು. "ಒಂದ್ಸಲ ಅತ್ತು ಆಚೆಗಾಕ್ಬುಡು ಕಣೆ" ಅಂತ ನಮ್ಮಕ್ಕ ದಿನಾ ಹೇಳುತ್ತಿದ್ದಳು. ಹೂಂ ಅನ್ನುತ್ತಿದ್ದೆ.

ಅವರೆಕಾಯಿ ಕಾಲಕ್ಕೆ ಚನ್ನಪ್ಪ ಮೇಷ್ಟ್ರು ಮನೆಗೆ ಬಂದರು. ನಾಗಮಂಗಲದ ಕಡೆಯ ಆ ಶಾಲೆಯ ವಾರ್ಷಿಕೋತ್ಸವಕ್ಕೆ 'ಅಡ್ಮಿನ್ ಮಾವ' ಆಡುತ್ತೇವೆ ಅಂತ ಅವರು ಮೊದಲೇ ಮಾತು ಕೊಟ್ಟಿದ್ದರು.

"ಕೆಂಪ ಇದ್ದಾಗ್ಲೇ ಒಪ್ಕೊಂಡ್ಬುಟ್ಟಿದ್ದೆ ಕಣಮ್ಮ. ನಿನ್ ಕೈಲಿ ಆಗಲ್ಲ ಅಂದ್ರೆ ಈಗ್ಲೇ ಫೋನ್ ಮಾಡಿ ಹೇಳ್ತೀನಿ."

"ಮಾಡಾನ ಬುಡಿ ಮೇಷ್ಟ್ರೆ" ಅಂದೆ. ಬೇಡ ಅನ್ನುವುದಕ್ಕೂ ಒಂದು ಮನಸ್ಸು ಇರಬೇಕಲ್ಲ.

ಮಾವನ ಪಾತ್ರಕ್ಕೆ ಮೊಬೈಲ್ ಅಂಗಡಿ ಲೋಕೇಶನನ್ನು ಹಾಕಿದರು. ಅವನಿಗೆ ಮಾತು ಮರೆಯುವ ಭಯ. ಮೇಷ್ಟ್ರು, ಜನ ಕೂತ ಕಡೆಯಿಂದ ನೋಡಿದರೆ ಬಲಗಡೆ, ಪರದೆಯ ಹಿಂದೆ ಪುಸ್ತಕ ಹಿಡಿದು ನಿಂತು ಮಾತು ಹೇಳಿಕೊಡುತ್ತಿದ್ದರು. ಹಾಗಾಗಿ ಮಾವನ ಕುರ್ಚಿಯನ್ನೂ ಬಲಗಡೆಗೇ ಹಾಕಿದೆವು. ನಮ್ಮ ಯಜಮಾನರು ಯಾವಾಗಲೂ ಎಡಗಡೆ ಕೂರುತ್ತಿದ್ದರು. ಆ ಜಾಗ ಖಾಲಿ ಬಿತ್ತು. ಒಂದು ನೀಲಿ ಪರದೆ, ಅದನ್ನು ಕಟ್ಟಿದ ಹಗ್ಗ, ಅಷ್ಟೇ.

ಕತ್ತಲಾದ ಮೇಲೆ ನಾಟಕ ಶುರುವಾಯಿತು. ಚಳಿ ಇತ್ತು. ಜನರೇಟರಿನ ಡೀಸೆಲ್ ವಾಸನೆ, ಮುಖದ ಬಣ್ಣದ ವಾಸನೆ... ಮುಂದೆ ಜಮಖಾನದ ಮೇಲೆ ಮಕ್ಕಳು, ಹಿಂದೆ ಕಂಬಳಿ ಹೊದ್ದ ಗಂಡಸರು. ನಮ್ಮ ತಂಡ ಆ ಊರಿಗೆ ಹೋದದ್ದು ಅದೇ ಮೊದಲು. ಅಲ್ಲಿ ಯಾರೂ ನಮ್ಮ ಯಜಮಾನರನ್ನು ಕಂಡವರಲ್ಲ.

ಮೊದಲೆಲ್ಲ ನಗು ಬರಬೇಕಾದ ಕಡೆ ಬಂತು. ಆಮೇಲೆ ಒಂದು ಕಡೆ, ಲೋಕೇಶ ಇನ್ನೂ ಬಾಯಿ ತೆಗೆಯುವ ಮೊದಲೇ ಮಕ್ಕಳು ಕಿಸಕ್ಕನೆ ನಕ್ಕರು. ಅವನ ಪಂಚೆ ಸಡಿಲವಾಗಿದೆಯೇನೋ ಅಂತ ನೋಡಿದೆ. ಸರಿಯಾಗಿಯೇ ಇತ್ತು.

ಸ್ವಲ್ಪ ಹೊತ್ತಿಗೆ ಮತ್ತೆ. ಈ ಸಲ ದೊಡ್ಡವರೂ ನಕ್ಕರು.

ಆಗ ನಾನು ಅವರ ಮುಖ ಗಮನಿಸಿದೆ. ಲೋಕೇಶ ಕೂತಿದ್ದದ್ದು ಬಲಗಡೆ. ಜನ ನೋಡುತ್ತಿದ್ದದ್ದು ಎಡಗಡೆ... ಮಕ್ಕಳು, ಹೆಂಗಸರು, ಕಂಬಳಿಯ ಗಂಡಸರು, ಎಲ್ಲರ ಕಣ್ಣೂ ಒಂದೇ ಜಾಗದಲ್ಲಿ.

ತಿರುಗಿ ನೋಡಿದೆ. ಪರದೆ. ಹಗ್ಗ.

ಕಾಫಿ ಲೋಟ ಕೊಡುವ ನೆಪದಲ್ಲಿ ಲೋಕೇಶನ ಹತ್ತಿರ ಹೋದೆ. ಅವನ ಹಣೆಯಿಂದ ಬಣ್ಣ ಇಳಿಯುತ್ತಿತ್ತು.

"ಅಕ್ಕ... ಯಾಕಿಂಗ್ ನಗ್ತಾವ್ರೆ? ನಾನೇನೂ ಯೋಳೇ ಇಲ್ವಲ್ಲ" ಅಂತ ಪಿಸುಗುಟ್ಟಿದ.

"ಗೊತ್ತಿಲ್ಲ. ನಿನ್ ಮಾತ್ ನೀನ್ ಯೋಳು" ಅಂದೆ.

ಊಟದ ದೃಶ್ಯ ಬಂತು. ನಾನು ತಟ್ಟೆ ಹಿಡಿದು ನಡುವೆ ನಿಂತು, "ಮಾವ, ಊಟಕ್ಕೆ ಬನ್ನಿ" ಅಂದೆ.

ಲೋಕೇಶ ತಲೆ ಎತ್ತಲಿಲ್ಲ, ಕಲಿಸಿಕೊಟ್ಟ ಹಾಗೆ. ನಾನು ತಕ್ಷಣ ಎರಡನೇ ಸಲ ಕರೆಯಬೇಕಿತ್ತು. ಕರೆಯಲಿಲ್ಲ. ಯಾಕೆ ಅಂತ ಈಗಲೂ ಗೊತ್ತಿಲ್ಲ. ನಮ್ಮ ಯಜಮಾನರು ತಮ್ಮ ಮಾತು ಸೇರಿಸುವಷ್ಟು ಹೊತ್ತು ಸುಮ್ಮನೆ ನಿಂತೆ.

ಜನರೇಟರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಇಡೀ ಮೈದಾನ ಒಟ್ಟಿಗೆ ನಕ್ಕಿತು. ಮುಂದೆ ಕೂತಿದ್ದ ಒಂದು ಹುಡುಗಿ ಪಕ್ಕದವಳ ತೊಡೆಯ ಮೇಲೆ ಬಿದ್ದು ನಗುತ್ತಿದ್ದಳು. ಹಿಂದೆ ಯಾರೋ ಶಿಳ್ಳೆ ಹೊಡೆದರು.

ಇಂಥ ಹೊತ್ತಿನಲ್ಲಿ ತಣ್ಣನೆ ಗಾಳಿ ಸುಳಿಯುತ್ತದೆ, ಹೋದವರ ಬೆವರಿನ ವಾಸನೆ ಬರುತ್ತದೆ ಅಂತ ಹೇಳುತ್ತಾರೆ. ನನಗೆ ಏನೂ ಬರಲಿಲ್ಲ. ಮೈ ಜುಮ್ಮೆನ್ನಲಿಲ್ಲ. ಖಾಲಿ ಪರದೆಯ ಕಡೆ ತಿರುಗಿ, ನನ್ನ ಹಳೆಯ ಉತ್ತರ ಹೇಳಿದೆ.

"ಅದನ್ನೂ ಗ್ರೂಪಿಗೇ ಹಾಕ್ಬುಡಿ ಮಾವ."

ಮೊದಲಿನದಕ್ಕಿಂತ ಜೋರಾಗಿ ನಕ್ಕರು. ಚಪ್ಪಾಳೆ ಹೊಡೆದರು. ಇವರು ಏನು ಹೇಳಿದ್ದರೋ, ನನ್ನ ಮಾತು ಅದಕ್ಕೆ ಹೊಂದಿತ್ತು.

ನಾಟಕ ಮುಗಿದ ಮೇಲೆ ಶಾಲೆಯ ಜಗಲಿಯಲ್ಲಿ ಮುದ್ದೆ, ಅವರೆಕಾಳು ಸಾರು ಹಾಕಿದರು. ಬಡಿಸುತ್ತಿದ್ದದ್ದು ಅಲ್ಲೇ ಬಿಸಿಯೂಟ ಮಾಡುವ ಒಬ್ಬ ಅಜ್ಜಿ. ನಮ್ಮನ್ನೆಲ್ಲ ಒಂದು ಸಲ ನೋಡಿ, "ಇನ್ನೊಬ್ರು ಊಟಕ್ ಬರ್ನಿಲ್ವಾ?" ಅಂತ ಕೇಳಿದಳು.

"ಇಷ್ಟೇ ಜನ ಅಜ್ಜಿ" ಅಂದರು ಮೇಷ್ಟ್ರು.

"ಇಲ್ಲ ಕಣಪ್ಪ. ಎಡಗಡೆ ಕುರ್ಚಿ ಮ್ಯಾಲೆ ಕಾಲ್ ಮಡಚ್ಕೊಂಡು ಕುಂತಿದ್ರಲ್ಲ, ನಗ್ಸಿ ನಗ್ಸಿ ಸಾಯ್ಸುದ್ರಲ್ಲ, ಅವ್ರು."

ಮೇಷ್ಟ್ರ ಕೈಯಲ್ಲಿದ್ದ ಮುದ್ದೆ ತುತ್ತು ಅಲ್ಲೇ ನಿಂತಿತು. ಎಡಗಡೆ ನಾವು ಕುರ್ಚಿಯನ್ನೇ ಹಾಕಿರಲಿಲ್ಲ. ಆದರೆ ನಮ್ಮ ಯಜಮಾನರು ಯಾವಾಗಲೂ ಹಾಗೇ ಕಾಲು ಮಡಚಿ ಕೂರುತ್ತಿದ್ದರು.

ನಾನು ಮೆಲ್ಲಗೆ ಕೇಳಿದೆ, "ಊಟಕ್ ಕರೆದಾಗ ಅವ್ರು ಏನಂದ್ರಜ್ಜಿ?"

ಅಜ್ಜಿ ಸೌಟು ಹಿಡಿದುಕೊಂಡೇ ಯೋಚಿಸಿದಳು. ಮುಖದಲ್ಲಿ ನಗು ಬಂತು, ಮಾತು ಬರಲಿಲ್ಲ. "ಏನೋ ಅಂದ್ರು ಕಣವ್ವ... ಈಗ ಬಾಯಿಗ್ ಬರಾಕಿಲ್ಲ ನೋಡು."

ಪಕ್ಕದಲ್ಲಿ ತಟ್ಟೆ ತೊಳೆಯುತ್ತಿದ್ದ ಹೆಂಗಸರನ್ನೂ ಕೇಳಿದೆ. ಎಲ್ಲರಿಗೂ ನಕ್ಕದ್ದು ನೆನಪಿತ್ತು. ಮಾತು ಒಬ್ಬರಿಗೂ ನೆನಪಿರಲಿಲ್ಲ.

ವಾಪಸ್ ಹೊರಟ ವ್ಯಾನು ಜಕ್ಕನಹಳ್ಳಿ ದಾಟಿತು. ಆಮೇಲೆ ಲೋಕೇಶ, "ಮೇಷ್ಟ್ರೆ, ನಿಮ್ಗೇನಾರ ಕೇಳಿಸ್ತಾ?" ಅಂದ.

"ನಾನು ಪುಸ್ತಕ ನೋಡ್ತಿದ್ದೆ ಕಣ್ಲಾ" ಅಂದು ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡರು.

ಮುಂದಿನ ವಾರ ಆ ಶಾಲೆಯವರು ವಿಡಿಯೊ ಕಳಿಸಿದರು. ಒಂದೇ ಸಲ ನೋಡಿದ್ದೇನೆ. ಊಟಕ್ಕೆ ಬನ್ನಿ ಅಂತ ನಾನು ಕರೆಯುತ್ತೇನೆ. ಮೊಬೈಲ್ ಹಿಡಿದವರು ಅದನ್ನು ನಿಧಾನವಾಗಿ ಎಡಕ್ಕೆ ತಿರುಗಿಸುತ್ತಾರೆ... ಯಾರೋ ಮಾತಾಡುತ್ತಿರುವ ಹಾಗೆ ಅಲ್ಲೇ ಹಿಡಿದು ನಿಲ್ಲುತ್ತಾರೆ. ಪರದೆ ಮಾತ್ರ ಕಾಣುತ್ತದೆ. ನಗು ಕೇಳುತ್ತದೆ. ನಾನು ಉತ್ತರ ಕೊಡುವಾಗ ಮೊಬೈಲ್ ನನ್ನ ಕಡೆ ಬರುತ್ತದೆ.

ಅದಾದ ಮೇಲೆ ಕೆ.ಆರ್. ಪೇಟೆಯಲ್ಲಿ ಆಡಿದೆವು. ನಾನೇ ಆಡೋಣ ಅಂದಿದ್ದೆ. ಎಡಗಡೆ ಒಂದು ಕುರ್ಚಿಯನ್ನೂ ಹಾಕಿಸಿದ್ದೆ. ಊಟಕ್ಕೆ ಕರೆದು, ಸುಮ್ಮನೆ ನಿಂತೆ. ಕಾದೆ. ಯಾರೂ ನಗಲಿಲ್ಲ. ಹಿಂದೆ ಒಬ್ಬರು ಕೆಮ್ಮಿದರು. ನಾನು ಮಾತು ಮರೆತೆ ಅಂದುಕೊಂಡು ಮೇಷ್ಟ್ರು ಪರದೆಯ ಹಿಂದಿನಿಂದ ಹೇಳಿಕೊಟ್ಟರು.

ಈಗ ಶ್ರೀರಂಗಪಟ್ಟಣದಲ್ಲಿ ಆಡಲು ಕರೆದಿದ್ದಾರೆ. ಹೋಗುತ್ತೇವೆ. ಅಳು ನನಗೆ ಇನ್ನೂ ಬಂದಿಲ್ಲ. ವೇದಿಕೆಯ ಮೇಲೆ ಮಾತ್ರ ಒಂದು ಅಭ್ಯಾಸ ಅಂಟಿಕೊಂಡಿದೆ. ಎಡಗಡೆಗೆ ನಾನು ತಿರುಗಿ ನೋಡುವುದಿಲ್ಲ. ಮುಂದೆ ಕೂತವರ ಕಣ್ಣುಗಳನ್ನು ನೋಡುತ್ತಿರುತ್ತೇನೆ.