ಕೆಮ್ಮು ತರಿಸದ ಎಣ್ಣೆ

ಕ್ಲಿಫರ್ಡ್ ಜೋಕಿಂ ಮೊಂತೇರೊ, ಅರವತ್ತೊಂದು ವರ್ಷ. ಹೆಂಡತಿ ಬರ್ಥಾ, ಮಗಳು ಲೀಶಾ. ಮನೆ ಮೆಲ್ಬರ್ನಿನ ಟ್ರುಗನಿನಾದಲ್ಲಿ. ವೇರ್‌ಹೌಸಿನಲ್ಲಿ ಹನ್ನೆರಡು ವರ್ಷ ಪೆಟ್ಟಿಗೆ ಎತ್ತಿ ಅವನ ಭುಜ ಕೆಟ್ಟ ಮೇಲೆ, ಬರ್ಥಾಳ ತಮ್ಮ ರೊನಾಲ್ಡ್ ಮೆಲ್ಬರ್ನಿನಾಚೆ ಕೊಂಡಿದ್ದ ಮುನ್ನೂರು ಆಲಿವ್ ಮರಗಳನ್ನು ಅವನಿಗೆ ಒಪ್ಪಿಸಿದ. ರೊನಾಲ್ಡ್ ಇದ್ದದ್ದು ಸಿಡ್ನಿಯ ರೌಸ್ ಹಿಲ್‌ನಲ್ಲಿ. ಷರತ್ತು ಒಂದೇ: ಈ ಸಲದ ಎಣ್ಣೆಯನ್ನು ಸಿಡ್ನಿಯ ವ್ಯಾಪಾರಿ ಒಪ್ಪಿದರೆ ತೋಟ ಉಳಿಯುತ್ತದೆ, ಇಲ್ಲವಾದರೆ ಮರ ಕಿತ್ತು ಜಾಗ ಮಾರುವುದು.

“ಫೆಬ್ರವರಿಯಿಂದ ನೀರು ಕಡಿಮೆ ಮಾಡಿ ಭಾವ,” ಎಂದು ರೊನಾಲ್ಡ್ ಫೋನಿನಲ್ಲಿ ಹೇಳಿದ್ದ. “ಮರ ಸ್ವಲ್ಪ ಬಾಯಾರ್ಬೇಕು. ಆಗ್ಲೇ ಎಣ್ಣೆಗೆ ಕಹಿ, ಖಾರ.”

ಕ್ಲಿಫರ್ಡ್ ತೆಂಗಿಗೆ ನೀರು ಹೊತ್ತು ಬೆಳೆದವನು. ಕೊಬ್ಬರಿ ಕೆಟ್ಟಾಗ ಎಣ್ಣೆ ಕಹಿಯಾಗುವುದನ್ನು ಕಂಡವನು. ಕಹಿಯೇ ಗುಣವೆಂಬ ಮಾತು ಅವನ ತಲೆಗೆ ಇಳಿಯಲಿಲ್ಲ. ಬಿಸಿಗಾಳಿಗೆ ಕಾಯಿ ಸುಕ್ಕುಗಟ್ಟಿದ ದಿನ ನಲ್ಲಿ ತಿರುಗಿಸಿದವನು ಕೊಯ್ಲಿನವರೆಗೂ ಮುಚ್ಚಲಿಲ್ಲ. ಕಾಯಿಗಳು ಗೋಲಿಯಂತೆ ಉಬ್ಬಿದವು. ಕೊಳವೆ ಒಡೆದಿದ್ದ ಕೊನೆಯ ಸಾಲು ಮಾತ್ರ ಒಣಗಿ ನಿಂತಿತ್ತು. ಅದರ ಬಡಕಲು ಕಾಯಿ ಉಳಿದದ್ದನ್ನೂ ಕೆಡಿಸೀತೆಂದು ಬೇರೆಯಾಗಿ ಅರೆಯಿಸಿ, ಆ ಎಣ್ಣೆಯನ್ನು ಡಬ್ಬಿಯೊಂದಕ್ಕೆ ತುಂಬಿ, ಮೇಲೆ ‘ಕೊನೇ ಸಾಲು’ ಎಂದು ಬರೆದು, ನಾಚಿಕೆಯಿಂದ ಗ್ಯಾರೇಜಿನಲ್ಲಿ ಬಚ್ಚಿಟ್ಟ.

ಸಪ್ಪೆಯೆಂದು ವ್ಯಾಪಾರಿ ಎಣ್ಣೆಯನ್ನು ಹಿಂದಿರುಗಿಸಿದ. ಜುಲೈನಲ್ಲಿ, ರೌಸ್ ಹಿಲ್‌ನ ಮನೆಯಲ್ಲಿ ಇಪ್ಪತ್ತು ಮಂದಿ ನೆಂಟರು ಊಟಕ್ಕೆ ಕುಳಿತಿದ್ದಾಗ, ರೊನಾಲ್ಡ್ ಅದೇ ಎಣ್ಣೆಯನ್ನು ಚಮಚಕ್ಕೆ ಸುರಿದ.

“ಕುಡೀರಿ ಭಾವ. ಒಳ್ಳೇದಾದ್ರೆ ಗಂಟಲು ಹಿಡಿದು ಕೆಮ್ಮು ಬರ್ಬೇಕು. ಎಲ್ಲಿ, ಕೆಮ್ಮಿ ನೋಡುವ!”

ಕ್ಲಿಫರ್ಡ್ ನುಂಗಿದ. ಕೆಮ್ಮು ಬರಲಿಲ್ಲ. ಬರ್ಥಾಳ ಮುಖ ನೋಡಿ ಸುಳ್ಳೇ ಕೆಮ್ಮಿದ.

“ಆ್ಯಕ್ಟಿಂಗ್ ಸಾಲ್ದು ಅಂಕಲ್!” ಎಂದು ಯಾರೋ ಕೂಗಿದರು. ಲೀಶಾಳೂ ನಕ್ಕಳು. ಅವಳು ನಕ್ಕದ್ದನ್ನು ಅವನು ಕಂಡ. ರೊನಾಲ್ಡ್ ಇನ್ನೊಂದು ಚಮಚ ತುಂಬಿಸಿದ.

ಮರ ಕೀಳುವ ಯಂತ್ರ ಬರುವ ಮೊದಲು ಮರಮರಕ್ಕೂ ಕೆಂಪು ಗುರುತು ಬಳಿಯುವ ಕೆಲಸವನ್ನೂ ರೊನಾಲ್ಡ್ ಭಾವನಿಗೇ ಹಚ್ಚಿದ. ಕ್ಲಿಫರ್ಡ್ ಮುನ್ನೂರಕ್ಕೂ ಬಳಿದ. ಕೊನೆಯ ಮರ ಉರುಳಿದ ಮೂರನೆಯ ವಾರ, ಗ್ಯಾರೇಜಿನ ಕುರ್ಚಿಯಲ್ಲಿ ಕುಳಿತಲ್ಲೇ ಅವನ ಹೃದಯ ನಿಂತಿತು.

ಅವನು ತೀರಿ ತಿಂಗಳಾದಾಗ ಚರ್ಚಿನಲ್ಲಿ ಮಾಡಿಸಿದ ಪೂಜೆಗೆ ಬಂದ ತಮ್ಮನ ಬಾಯಿಗೆ ಬರ್ಥಾ ಗ್ಯಾರೇಜಿನಲ್ಲಿ ಸಿಕ್ಕ ಆ ಡಬ್ಬಿಯ ಎಣ್ಣೆಯನ್ನು ಚಮಚದಲ್ಲಿ ಹಿಡಿದಳು. ರೊನಾಲ್ಡ್ ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದ.

“ಅಬ್ಬ! ಇದು ಯಾರ ತೋಟದ್ದು ಅಕ್ಕ?”

“ನಿಂದೇ. ನೀರು ಮುಟ್ಟದ ಕೊನೇ ಸಾಲು.”

ಕ್ಲಿಫರ್ಡ್ ಬಿಟ್ಟುಹೋದದ್ದು: ಒಂದು ಜೊತೆ ಗಂಬೂಟು, ನಲ್ಲಿ ತಿರುಗಿಸುವ ಕಬ್ಬಿಣದ ಹಿಡಿ, ಜಪಮಾಲೆ, ತೋಳಿಗೆ ಕೆಂಪು ಹತ್ತಿದ ಅಂಗಿ, ಅರ್ಧ ಉಳಿದ ಬಣ್ಣ, ಒಂದು ಚಮಚ ಕಡಿಮೆಯಾದ ಎಣ್ಣೆಡಬ್ಬಿ.